ಜಗತ್ ಸರ್ಕಲ್ ಹತ್ತಿರದ ಬೋರ್ಡ್ ಇಲ್ಲದ ಇಂಗ್ಲಿಷ್ ಕ್ಲಾಸ್: ನಾಲ್ಕು ತಿಂಗಳು ಕಲಿತ ಮೇಲೆ

ಈ ಕ್ಲಾಸಿಗೆ ಹೆಸರಿಲ್ಲ. ಹೊರಗೆ ಹೆಸರಿನ ಬೋರ್ಡೂ ಇಲ್ಲ. ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಒಂದು ಓಣಿಯಲ್ಲಿ, ಹಳೆ ಮನೆಯ ಮೇಲಿನ ಕೋಣೆಯಲ್ಲಿ ನಡೆಯುತ್ತದೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮಾಸ್ತರೊಬ್ಬರು ನಡೆಸುತ್ತಾರೆ. ಹೆಸರು ಬರೆಯಬೇಡಿ ಅಂತ ಅವರೇ ಹೇಳಿದ್ದಾರೆ, ಹಾಗಾಗಿ ಬರೆಯುತ್ತಿಲ್ಲ. ಮಂಗಳವಾರ, ಗುರುವಾರ, ಶನಿವಾರ ಸಂಜೆ ಆರೂವರೆಯಿಂದ ಎಂಟರವರೆಗೆ ಪಾಠ. ತಿಂಗಳಿಗೆ 800 ರೂಪಾಯಿ. ನಾನು ಸೇರಿದಾಗ ಒಂಬತ್ತು ಜನ ಇದ್ದೆವು.

ಯಾಕೆ ಸೇರಿದೆ ಅನ್ನುವುದನ್ನು ಮೊದಲು ಹೇಳಬೇಕು. ಇಲ್ಲದಿದ್ದರೆ ಮುಂದೆ ನಾನು ಯಾಕೆ ಇಷ್ಟು ಹೊಗಳುತ್ತೇನೆ ಅಂತ ಗೊತ್ತಾಗುವುದಿಲ್ಲ.

ನಾನು ಒಂದು ದಾಲ್ ಮಿಲ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಮೇಲ್ ಬರೆಯುವುದೂ ನನ್ನದೇ ಕೆಲಸ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಬಂತು. ಆಮೇಲೆ ನಮಗೆ ದೂರದ ಊರುಗಳ ವ್ಯಾಪಾರಿಗಳು ಸಿಕ್ಕರು. ಅವರಿಗೆ ಕನ್ನಡ ಬರುವುದಿಲ್ಲ, ಎಲ್ಲರಿಗೂ ಹಿಂದಿಯೂ ಬರುವುದಿಲ್ಲ. ಇಂಗ್ಲಿಷೇ ಗತಿ. ಹೋದ ವರ್ಷ ಹೊಸ ತೊಗರಿಯ ಸೀಸನ್ನಿನಲ್ಲಿ ಚೆನ್ನೈನ ಒಬ್ಬ ವ್ಯಾಪಾರಿಗೆ 200 ಚೀಲ ಬೇಳೆ ಕಳಿಸಿದೆವು. ಚೀಲಕ್ಕೆ 50 ಕಿಲೋ, ಒಟ್ಟು 10 ಟನ್. ಗುರುವಾರ ಲೋಡ್ ಆಯಿತು. ಅವತ್ತು ರಾತ್ರಿಯೇ ನಾನು ಮೇಲ್ ಹಾಕಿದೆ: ‘ಪ್ಲೀಸ್ ನೋಟ್ ದಟ್ ವಿ ಕುಡ್ ಲೋಡ್ 200 ಬ್ಯಾಗ್ಸ್ ಆನ್ ಥರ್ಸ್‌ಡೇ.’

ನನ್ನ ಮನಸ್ಸಿನಲ್ಲಿ ಇದ್ದದ್ದು ‘ಗುರುವಾರ ಲೋಡ್ ಮಾಡಲಿಕ್ಕೆ ಆಯಿತು’ ಅಂತ. ಅವರು ಓದಿಕೊಂಡದ್ದು ‘ಬರುವ ಗುರುವಾರ ಲೋಡ್ ಮಾಡಬಹುದು, ನೀವು ಹ್ಞೂಂ ಅಂದರೆ’ ಅಂತ. ಅವರು ಉತ್ತರ ಬರೆಯುವಷ್ಟರಲ್ಲಿ ಲಾರಿ ಅರ್ಧ ದಾರಿ ದಾಟಿತ್ತು. ಗೋದಾಮಿನಲ್ಲಿ ಜಾಗ ಮಾಡಿರಲಿಲ್ಲ. ಲಾರಿ ಒಂದೂವರೆ ದಿನ ಹೊರಗೆ ನಿಂತಿತು. ಹಾಲ್ಟಿಂಗ್ ಚಾರ್ಜ್ ನಮ್ಮ ತಲೆಯ ಮೇಲೆ ಬಂತು. ನಮ್ಮ ಸಾವುಕಾರರು ಸಿಟ್ಟು ಮಾಡಲಿಲ್ಲ. ‘ಮೇಲ್‌ನಾಗ ಏನ್ ಬರ್ದಿದ್ದೆವ್ವಾ?’ ಅಂತ ಮಾತ್ರ ಕೇಳಿದರು. ನಾನು ಓದಿ ಹೇಳಿದೆ. ಅವರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ನನಗೂ ಕಾಣಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಇದಕ್ಕೂ ಮೊದಲು ನಾನು ಒಂದು ದೊಡ್ಡ ಕೋಚಿಂಗ್ ಸೆಂಟರಿಗೆ ಹೋಗಿದ್ದೆ. 45 ದಿನ, 6,500 ರೂಪಾಯಿ, ಎಸಿ ಕೋಣೆ. ಅಲ್ಲಿ ಒಂದು ಚಾರ್ಟ್ ಕೊಟ್ಟಿದ್ದರು. ಕ್ಯಾನ್ ಅಂದರೆ ಸಾಮರ್ಥ್ಯ, ಕುಡ್ ಅಂದರೆ ಹಿಂದಿನ ಸಾಮರ್ಥ್ಯ, ಮೇ ಅಂದರೆ ಅನುಮತಿ, ಮೈಟ್ ಅಂದರೆ ಸ್ವಲ್ಪ ಸಾಧ್ಯತೆ. ನಾನು ಅದನ್ನು ಬಾಯಿಪಾಠ ಮಾಡಿದ್ದೆ. ‘ಕುಡ್ ಅಂದರೆ ಹಿಂದಿನ ಸಾಮರ್ಥ್ಯ’ ಅಂತ ನಂಬಿಯೇ ಆ ಮೇಲ್ ಬರೆದದ್ದು. ಚಾರ್ಟಿನಲ್ಲಿ ಇದ್ದದ್ದು ಪೂರ್ತಿ ಸುಳ್ಳಲ್ಲ. ಆದರೆ ಒಂಟಿ ಪದಕ್ಕೆ ಒಂದು ಅರ್ಥ ಕೊಟ್ಟು ಅಲ್ಲಿಗೇ ಬಿಟ್ಟಿದ್ದರು. ನಾವು ಬರೆಯುವ ವಾಕ್ಯಗಳು ಹಾಗಿರುತ್ತವಾ? ದಟ್, ಇಫ್, ವೆನ್, ಸೋ ದಟ್ ಅಂತ ಒಂದು ವಾಕ್ಯಕ್ಕೆ ಇನ್ನೊಂದು ಜೋಡಿಕೊಂಡಿರುತ್ತದೆ. ಕ್ಯಾನ್, ಕುಡ್‌ನಂಥ ಪದಗಳು ತೊಂದರೆ ಕೊಡುವುದು ಹಾಗೆ ಜೋಡಿಕೊಂಡ ವಾಕ್ಯದಲ್ಲೇ.

ಮಾಸ್ತರ ಬಳಿ ಮೊದಲ ದಿನ ಹೋದಾಗ ಅವರು ಪರೀಕ್ಷೆ ಇಡಲಿಲ್ಲ. ‘ನಿಮಗ ಪೆಟ್ಟು ಕೊಟ್ಟ ವಾಕ್ಯ ಯಾವ್ದು, ಅದನ್ನ ಬೋರ್ಡಿನ ಮ್ಯಾಲ ಬರೀರಿ’ ಅಂದರು. ನಾನು ಆ ಲಾರಿಯ ವಾಕ್ಯ ಬರೆದೆ. ಅವರು ಐದು ನಿಮಿಷ ಅದನ್ನೇ ನೋಡುತ್ತಾ ನಿಂತರು. ಆಮೇಲೆ ಕೇಳಿದರು, ‘ಕೆಲಸ ಆಗಿತ್ತೋ, ಆಗೋದಿತ್ತೋ?’ ಆಗಿತ್ತು ಅಂದೆ. ‘ಮತ್ತ ಆಯ್ತು ಅಂತ ಯಾಕ ಬರೀಲಿಲ್ಲ? ವಿ ಲೋಡೆಡ್. ಮುಗೀತು.’

ಅವತ್ತಿನ ಪಾಠ ನನಗೆ ಈಗಲೂ ಹಾಗೇ ನೆನಪಿದೆ. ಒಂದು ಸಲ ಮಾಡಿ ಮುಗಿಸಿದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಕುಡ್ ಹೊಂದುವುದಿಲ್ಲ. ‘ಕಷ್ಟ ಇತ್ತು, ಆದರೂ ಆಯಿತು’ ಅಂತ ಹೇಳಬೇಕಾದರೆ ವಾಸ್ ಏಬಲ್ ಟು, ಅಥವಾ ಮ್ಯಾನೇಜ್ಡ್ ಟು. ಕುಡ್ ಬರುವುದು ಹಿಂದೆ ಯಾವಾಗಲೂ ಇದ್ದ ಶಕ್ತಿಗೆ. ನನ್ನ ಅಜ್ಜಿ ಒಂದು ತಾಸಿನಲ್ಲಿ ಐವತ್ತು ರೊಟ್ಟಿ ತಟ್ಟುತ್ತಿದ್ದಳು ಅಂದರೆ ಅಲ್ಲಿ ಕುಡ್ ಸರಿ. ಇಲ್ಲ ಅನ್ನುವಾಗ ಮಾತ್ರ ಈ ಕಟ್ಟು ಇಲ್ಲ. ‘ಗುರುವಾರ ಲೋಡ್ ಮಾಡಲು ಆಗಲಿಲ್ಲ’ ಅನ್ನಲು ಕುಡಂಟ್ ಧಾರಾಳವಾಗಿ ಬಳಸಬಹುದು. ಕಂಡಿತು, ಕೇಳಿಸಿತು ಅನ್ನುವ ಕಡೆಯೂ ಕುಡ್ ನಡೆಯುತ್ತದೆ. ಆಗಲಿಲ್ಲ ಎನ್ನುವಾಗ ಸರಿಯಾಗಿದ್ದದ್ದು ಆಯಿತು ಎನ್ನುವಾಗ ತಪ್ಪಾಗುತ್ತದೆ ಅಂತ ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಈ ಕ್ಲಾಸಿನ ದೊಡ್ಡ ಗುಣ ಇನ್ನೊಂದು. ಮಾಸ್ತರು ಕನ್ನಡವನ್ನು ಬಾಗಿಲ ಹೊರಗೆ ನಿಲ್ಲಿಸುವುದಿಲ್ಲ. ಕನ್ನಡದಲ್ಲಿ ನಾವು ಏನು ಮಾಡುತ್ತೇವೆ ಅಂತ ಮೊದಲು ತೋರಿಸುತ್ತಾರೆ. ಆಮೇಲೆ ಇಂಗ್ಲಿಷ್ ಎಲ್ಲಿ ಬೇರೆ ದಾರಿ ಹಿಡಿಯುತ್ತದೆ ಅಂತ ಹೇಳುತ್ತಾರೆ.

‘ಅಂತ’ ಪದದ ಪಾಠವನ್ನೇ ನೋಡಿ. ನಮ್ಮ ಬ್ಯಾಚಿನಲ್ಲಿ ಒಬ್ಬರು ಸ್ಟಾಫ್ ನರ್ಸ್ ಇದ್ದರು. ಹೊರದೇಶದ ಕೆಲಸಕ್ಕೆ ಇಂಗ್ಲಿಷ್ ಪರೀಕ್ಷೆ ಬರೆಯುವವರು. ಅವರು ತಂದ ವಾಕ್ಯ: ‘ಉಸಿರಾಡಲು ಆಗುತ್ತಿಲ್ಲ ಅಂತ ಪೇಷಂಟ್ ಹೇಳಿದ.’ ಕನ್ನಡದಲ್ಲಿ ಪೇಷಂಟ್ ಹೇಗೆ ಹೇಳಿದನೋ ಹಾಗೇ ಇಟ್ಟು, ಕೊನೆಗೆ ‘ಅಂತ’ ಸೇರಿಸುತ್ತೇವೆ. ಹೇಳಿದ್ದು ನಿನ್ನೆಯೋ ಹೋದ ವರ್ಷವೋ, ಒಳಗಿನ ಮಾತು ಬದಲಾಗುವುದಿಲ್ಲ. ಅದಕ್ಕೇ ಅವರು ‘ದಿ ಪೇಷಂಟ್ ಸೆಡ್ ದಟ್ ಹಿ ಕಾಂಟ್ ಬ್ರೀದ್’ ಅಂತ ಬರೆದಿದ್ದರು.

ಮಾಸ್ತರು ಬೋರ್ಡಿನ ಮೇಲೆ ಒಂದು ಎತ್ತು, ಒಂದು ಬಂಡಿ ಬರೆದರು. ‘ಸೆಡ್ ಅನ್ನೋದು ಎತ್ತು. ದಟ್ ಆದ ಮ್ಯಾಲ ಬರೋದು ಬಂಡಿ. ಇಂಗ್ಲಿಷಿನ್ಯಾಗ ಎತ್ತು ಹಿಂದಿನ ಕಾಲಕ್ಕ ಹೋದ್ರ ಬಂಡಿನೂ ಹೋಗ್ತದ. ಕನ್ನಡದಾಗ ಬಂಡಿ ನಿಂತಲ್ಲೇ ನಿಂತಿರ್ತದ’ ಅಂದರು. ಸೆಡ್ ಅಂದ ಮೇಲೆ ಕ್ಯಾನ್ ಇದ್ದದ್ದು ಕುಡ್ ಆಗುತ್ತದೆ, ಮೇ ಇದ್ದದ್ದು ಮೈಟ್ ಆಗುತ್ತದೆ. ‘ರಕ್ತ ಬೇಕಾಗಬಹುದು ಅಂತ ಡಾಕ್ಟರ್ ಹೇಳಿದರು’ ಅನ್ನುವುದಕ್ಕೆ ಮೈಟ್ ನೀಡ್ ಬ್ಲಡ್. ಮೊದಲೇ ಕುಡ್ ಅಥವಾ ಮೈಟ್ ಇದ್ದರೆ ಅದು ಇನ್ನೂ ಹಿಂದೆ ಸರಿಯುವುದಿಲ್ಲ, ಹಾಗೇ ಉಳಿಯುತ್ತದೆ.

ಆಗ ನಾನು ಕೇಳಿದೆ, ಇಲ್ಲಿ ಮೈಟ್ ಬಂದರೆ ಡಾಕ್ಟರಿಗೆ ಅನುಮಾನ ಜಾಸ್ತಿ ಇತ್ತು ಅಂತ ಆಗುವುದಿಲ್ಲವಾ? ಚಾರ್ಟಿನಲ್ಲಿ ಮೈಟ್ ಅಂದರೆ ಕಡಿಮೆ ಸಾಧ್ಯತೆ ಅಂತ ಇತ್ತಲ್ಲ. ಮಾಸ್ತರಿಗೆ ಈ ಪ್ರಶ್ನೆ ಬಹಳ ಖುಷಿ ಕೊಟ್ಟಿತು. ಇಲ್ಲಿ ಮೈಟ್ ಬಂದದ್ದು ಅನುಮಾನಕ್ಕಲ್ಲ, ಎತ್ತಿನ ಹಿಂದೆ ಬಂದದ್ದು ಅಂದರು. ಒಂದೇ ಪದ ಎರಡು ಕೆಲಸ ಮಾಡುತ್ತದೆ. ಯಾವ ಕೆಲಸ ಅಂತ ಗೊತ್ತಾಗಬೇಕಾದರೆ ಆ ಪದವನ್ನಲ್ಲ, ಅದಕ್ಕೂ ಮೊದಲು ಬಂದ ಎತ್ತನ್ನು, ಅಂದರೆ ಸೆಡ್‌ನಂಥ ಕ್ರಿಯಾಪದವನ್ನು ನೋಡಬೇಕು. ನನ್ನ ‘ಪ್ಲೀಸ್ ನೋಟ್ ದಟ್’ನಲ್ಲಿ ಹಿಂದಿನ ಕಾಲದ ಎತ್ತೇ ಇರಲಿಲ್ಲ. ಹಾಗಾಗಿ ಚೆನ್ನೈನವರು ನನ್ನ ಕುಡ್ ಅನ್ನು ‘ಮಾಡಬಹುದು’ ಅಂತಲೇ ಓದಿದರು. ಅವರದು ತಪ್ಪೇ ಅಲ್ಲ.

ಎಲ್ಲ ಬಂಡಿಯೂ ಎತ್ತಿನ ಹಿಂದೆ ಹೋಗಲೇಬೇಕು ಅಂತಿಲ್ಲ. ‘ತೇವ ಇದ್ದರೆ ಬೇಳೆಗೆ ಹುಳ ಬೀಳಬಹುದು ಅಂತ ಅವರು ಹೇಳಿದರು’ ಅನ್ನುವ ವಾಕ್ಯ ನೋಡಿ. ಇದು ಯಾವತ್ತಿಗೂ ನಿಜ. ಇಂಥ ಕಡೆ ಸೆಡ್ ಆದ ಮೇಲೂ ಕ್ಯಾನ್ ಇಟ್ಟರೆ ನಡೆಯುತ್ತದೆ.

ಸೋ ದಟ್ ಪಾಠವೂ ನರ್ಸ್ ಅಕ್ಕನ ವಾಕ್ಯದಿಂದಲೇ ಆಯಿತು. ಪೇಷಂಟನ್ನು ಹತ್ತಿರದಿಂದ ನೋಡಿಕೊಳ್ಳಲು ಆಗಲಿ ಅಂತ ಬೆಡ್ ಬದಲಿಸಿದೆವು. ಶಿಫ್ಟ್ ಮಾಡುತ್ತೇವೆ ಅಂದರೆ ಸೋ ದಟ್ ವಿ ಕ್ಯಾನ್, ಶಿಫ್ಟ್ ಮಾಡಿದೆವು ಅಂದರೆ ಸೋ ದಟ್ ವಿ ಕುಡ್. ಎತ್ತು ಬಂಡಿ ಗೊತ್ತಾದ ಮೇಲೆ ಇದಕ್ಕೆ ಹತ್ತು ನಿಮಿಷ ಸಾಕಾಯಿತು.

ಇಫ್ ಮತ್ತು ವಿಶ್‌ಗೆ ಮಾತ್ರ ಎರಡು ವಾರ ಹಿಡಿಯಿತು. ನನ್ನ ಪ್ರಕಾರ 800 ರೂಪಾಯಿಗೆ ಅದೊಂದೇ ಸಾಕು. ಇಲ್ಲಿಯ ಕುಡ್ ಹಿಂದಿನ ಕಾಲದ್ದಲ್ಲ. ‘ಐ ವಿಶ್ ಐ ಕುಡ್ ಕಮ್’ ಅಂದರೆ ಇವತ್ತಿನ ಮಾತೇ. ಬರಬೇಕು ಅಂತ ಆಸೆ, ಆದರೆ ಬರಲು ಆಗುತ್ತಿಲ್ಲ. ನಾನು ಎಷ್ಟೋ ವರ್ಷ ‘ಐ ವಿಶ್ ಐ ಕ್ಯಾನ್’ ಅಂತ ಬರೆದಿದ್ದೇನೆ. ಇವತ್ತಿನ ಮಾತಿಗೆ ಹಿಂದಿನ ರೂಪ ಯಾಕೆ ಅಂತ ನಮಗೆ ಯಾರಿಗೂ ತಿಳಿಯಲಿಲ್ಲ. ಇಂಗ್ಲಿಷಿನವರದು ವಿಚಿತ್ರ ಬುದ್ಧಿ ಅಂತ ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗ ಅಂದ.

ಮಾಸ್ತರು ಕೇಳಿದರು, ‘ನಾಳಿ ಮದುವಿಗೆ ನಿನಗ ರಜಾ ಸಿಕ್ಕಿಲ್ಲ. ಗೆಳ್ಯಾಗ ಏನಂತೀ?’

ಅವನು ಹೇಳಿದ, ‘ರಜಾ ಇದ್ದಿದ್ರ ಬರ್ತಿದ್ದೆ.’

‘ಮದುವಿ ನಾಳಿ ಅದ. ನೀ ಯಾಕ ಇದ್ದಿದ್ರ, ಬರ್ತಿದ್ದೆ ಅಂತ ಹಿಂದಿಂದು ಹೇಳ್ದಿ?’

ಕೋಣೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ನಾವೂ ಅದನ್ನೇ ಮಾಡುತ್ತೇವೆ! ಆಗದ ಮಾತಿಗೆ ನಾವೂ ಹಿಂದಿನ ರೂಪವನ್ನೇ ತರುತ್ತೇವೆ. ‘ನಾಳೆ ಹೋಗಬಹುದು’ ಅಂದರೆ ಬಾಗಿಲು ತೆರೆದಿದೆ. ‘ನಾಳೆ ಹೋಗಬಹುದಿತ್ತು’ ಅಂದರೆ ಮುಚ್ಚಿದೆ. ಒಂದು ‘ಇತ್ತು’ ಸೇರಿಸಿದ್ದಕ್ಕೆ ಇಷ್ಟು ವ್ಯತ್ಯಾಸ. ಇಂಗ್ಲಿಷ್ ಕಲಿಯಲು ಹೋಗಿ ನನ್ನ ಕನ್ನಡದಲ್ಲಿ ಇದು ಇದೆ ಅಂತ ಗೊತ್ತಾಯಿತು. ಅವತ್ತು ಮನೆಗೆ ನಡೆದುಕೊಂಡೇ ಹೋದೆ, ದಾರಿಯಲ್ಲಿ ಜನ ಆಡುವ ಮಾತಿನಲ್ಲೆಲ್ಲ ಈ ‘ಇತ್ತು’ ಹುಡುಕುತ್ತಾ.

ಇದರ ಲಾಭ ಮೇಲ್‌ನಲ್ಲಿ ತಕ್ಷಣ ಕಂಡಿತು. ಮೊದಲು ನಾನು ‘ವಿ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕ್ಯಾನ್ ಸೆಂಡ್ ದಿ ಅಡ್ವಾನ್ಸ್’ ಅಂತ ಬರೆಯುತ್ತಿದ್ದೆ. ವುಡ್ ಜೊತೆಗೆ ಇಫ್ ಒಳಗೆ ಕುಡ್ ಬಂದರೆ ಜೋಡಿ ಸರಿ. ಕೇಳುವುದೂ ಮೆತ್ತಗಾಗುತ್ತದೆ, ನಾವು ‘ಕಳಿಸಿದರೆ ಒಳ್ಳೆಯದಿತ್ತು’ ಅಂದ ಹಾಗೆ. ವ್ಯವಹಾರದ ಮಾತು ನೇರವಾಗಿ ಬೇಕಾದಾಗ, ‘ಸೋಮವಾರ ಅಡ್ವಾನ್ಸ್ ಕಳಿಸಲು ಆದರೆ ಮಂಗಳವಾರ ಲೋಡ್ ಮಾಡಬಲ್ಲೆವು’ ಅಂತ ಹೇಳಬೇಕಾದಾಗ, ಎರಡೂ ಕಡೆ ಕ್ಯಾನ್. ಯಾವುದನ್ನು ಯಾರಿಗೆ ಬರೆಯಬೇಕು ಅಂತ ಈಗ ನಾನೇ ಆರಿಸುತ್ತೇನೆ. ಹೋಪ್ ಆದ ಮೇಲೆ ಕ್ಯಾನ್, ವಿಶ್ ಆದ ಮೇಲೆ ಕುಡ್. ಹೋಪ್‌ನಲ್ಲಿ ಬಾಗಿಲು ತೆರೆದಿರುತ್ತದೆ.

ಮಳೆಯ ಪಾಠವನ್ನೂ ಹೇಳಬೇಕು, ನಮ್ಮ ಕೆಲಸಕ್ಕೆ ಹತ್ತಿರದ್ದು. ‘ನಾಳೆ ಮಳೆ ಬರಬಹುದು’ ಅನ್ನಲು ಕ್ಯಾನ್ ಹಾಕಬಾರದು. ಮೇ, ಮೈಟ್, ಕುಡ್, ಮೂರರಲ್ಲಿ ಯಾವುದಾದರೂ ಸರಿ. ಕ್ಯಾನ್ ಬರುವುದು ಒಂದರ ಸ್ವಭಾವ ಹೇಳುವಾಗ. ಬೇಸಿಗೆಯಲ್ಲಿ ಕಲಬುರಗಿ 40 ಡಿಗ್ರಿ ದಾಟಬಹುದು, ಅಲ್ಲಿ ಕ್ಯಾನ್. ಇಫ್ ಒಳಗೆ ಮೇ ತಂದು ‘ಇಫ್ ಇಟ್ ಮೇ ರೇನ್’ ಅಂತ ಬರೆಯಬಾರದು. ‘ಇಫ್’ ಅಂದ ಮೇಲೆ ಅನುಮಾನ ಅಲ್ಲೇ ಬಂದಾಯಿತು. ‘ಇಫ್ ಇಟ್ ರೇನ್ಸ್’ ಸಾಕು. ಕನ್ನಡದಲ್ಲೂ ‘ಮಳೆ ಬಂದರೆ’ ಅಂತೀವಿ, ‘ಮಳೆ ಬರಬಹುದಾದರೆ’ ಅಂತ ಯಾರೂ ಅನ್ನುವುದಿಲ್ಲ ಅಲ್ವಾ. ತಾಡಪತ್ರಿ ಹೊದಿಸಿ, ಮಳೆ ಬಂದರೂ ಬರಬಹುದು ಅನ್ನಲು ಇನ್ ಕೇಸ್ ಇಟ್ ರೇನ್ಸ್. ಲಾರಿಯವರಿಗೆ ನಾನು ಕಳಿಸುವ ಚೀಟಿಯಲ್ಲಿ ಈಗ ಹಾಗೇ ಇರುತ್ತದೆ.

ಒಂದು ಗುರುವಾರ ಮಾಸ್ತರು ಈ ಪದಗಳ ಹುಟ್ಟು ಹೇಳಿದರು. ಪರೀಕ್ಷೆಗೆ ಬೇಕಾದದ್ದಲ್ಲ, ಆದರೂ ಕೇಳಬೇಕು. ಕ್ಯಾನ್ ಹಳೆ ಇಂಗ್ಲಿಷಿನಲ್ಲಿ ‘ತಿಳಿದಿರು’ ಅಂತಿತ್ತಂತೆ. ತಿಳಿದವನು ಮಾಡಬಲ್ಲ, ಹಾಗೆ ಅರ್ಥ ಸರಿಯಿತು. ನಮ್ಮ ‘ಬಲ್ಲ’ಕ್ಕೂ ಎರಡೂ ಅರ್ಥ ಇದೆ. ಬಲ್ಲವನೇ ಬಲ್ಲ ಬೆಲ್ಲದ ರುಚಿಯ ಅಂದಾಗ ಅದು ತಿಳಿಯುವುದು, ಮಾಡಬಲ್ಲ ಅಂದಾಗ ಅದು ಆಗುವುದು. ‘ಬಹುದು’ ಬಂದದ್ದು ‘ಬರು’ ಅನ್ನುವುದರಿಂದ. ಈಜು ಬರುತ್ತದೆ, ಇಂಗ್ಲಿಷ್ ಬರುತ್ತದೆ ಅಂತ ಈಗಲೂ ಅನ್ನುತ್ತೇವಲ್ಲ. ಕುಡ್ ಒಳಗಿನ ಎಲ್ ಅಕ್ಷರ ಮೊದಲು ಇರಲೇ ಇಲ್ಲ. ವುಡ್, ಶುಡ್ ಎರಡರಲ್ಲೂ ಇತ್ತು, ಅವುಗಳ ಜೊತೆ ಸೇರಿ ಇದಕ್ಕೂ ಅಂಟಿಕೊಂಡಿತು. ರಿಂಗ್ ರೋಡ್ ಕಡೆ ಟೈರ್ ಅಂಗಡಿ ಇರುವ ಹುಡುಗನಿಗೆ ಮನೆಮಾತು ದಖನಿ ಉರ್ದು, ಅದರಲ್ಲಿ ಕ್ಯಾನ್ ಅನ್ನಲು ‘ಸಕ್ತಾ’. ಅವನು ‘ನಮ್ಮಲ್ಲಿ ಎಲ್ಲದಕ್ಕೂ ಸಕ್ತಾ ಒಂದೇ ಸರ’ ಅಂದ. ಅವನಿಗೂ ಅವನ ಭಾಷೆಯಿಂದಲೇ ಉದಾಹರಣೆ ತೆಗೆದು ಕೊಟ್ಟರು. ಇದು ನನಗೆ ಬಹಳ ಹಿಡಿಸಿತು. ಯಾರ ಮನೆಮಾತನ್ನೂ ಅವರು ಅಡ್ಡಿ ಅಂತ ನೋಡುವುದಿಲ್ಲ.

ತಪ್ಪಾದರೆ ಒಪ್ಪಿಕೊಳ್ಳುತ್ತಾರೆ. ವೆನ್ ಆದ ಮೇಲೆ ವಿಲ್ ಬರಬಾರದು, ‘ವೆನ್ ವಿ ವಿಲ್ ಬಿ ಏಬಲ್ ಟು ಸೆಂಡ್’ ತಪ್ಪು, ‘ವೆನ್ ವಿ ಆರ್ ಏಬಲ್ ಟು’ ಸರಿ ಅಂತ ಹೇಳಿದ್ದರು. ನರ್ಸ್ ಅಕ್ಕ ಎದ್ದು, ‘ಟೆಲ್ ಮಿ ವೆನ್ ಯು ವಿಲ್ ಬಿ ಏಬಲ್ ಟು ಕಮ್ ಅಂತ ನಮ್ಮ ಡಾಕ್ಟರ್ ಬರೀತಾರಲ್ರಿ’ ಅಂದರು. ಮಾಸ್ತರು ಬೋರ್ಡ್ ಒರೆಸಿದರು. ‘ಯಾವಾಗ ಅಂತ ಕೇಳೋ ಪ್ರಶ್ನೆ ಒಳಗ ಕೂತಿದ್ರ ವಿಲ್ ಬರ್ತದ. ನಾ ಅರ್ಧ ಹೇಳಿದ್ದೆ’ ಅಂದು ಪಾಠ ಮತ್ತೆ ಶುರು ಮಾಡಿದರು.

ಈಗ ಕೊರತೆಗಳು. ಮೆಟ್ಟಿಲು ಬಹಳ ಕಡಿದು, ಕೈಹಿಡಿ ಇಲ್ಲ. ಮೊಣಕಾಲು ನೋವಿದ್ದವರಿಗೆ ಕಷ್ಟ. ಓಣಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಇಲ್ಲ, ದೂರ ನಿಲ್ಲಿಸಿ ನಡೆಯಬೇಕು. ಕರೆಂಟ್ ಹೋದರೆ ಫ್ಯಾನ್ ಇಲ್ಲ, ಬೇಸಿಗೆಯಲ್ಲಿ ಆ ಕೋಣೆ ಸುಡುತ್ತದೆ. ನೋಟ್ಸ್ ಅಚ್ಚು ಹಾಕಿ ಕೊಡುವುದಿಲ್ಲ, ವಾಟ್ಸಾಪಿನಲ್ಲೂ ಕಳಿಸುವುದಿಲ್ಲ. ಒಂದು ದಿನ ತಪ್ಪಿದರೆ ಪಕ್ಕದವರ ನೋಟ್‌ಬುಕ್ಕೇ ಗತಿ. ಮಾತಾಡುವ ಅಭ್ಯಾಸ ಕಡಿಮೆ. ಇಂಟರ್‌ವ್ಯೂಗೆ ಬೇಗ ತಯಾರಾಗಬೇಕು ಅನ್ನುವವರಿಗೆ ಇದು ಹೊಂದುವುದಿಲ್ಲ. ಬ್ಯಾಂಕ್ ಪರೀಕ್ಷೆಯ ಹುಡುಗ ಎರಡನೇ ತಿಂಗಳಲ್ಲಿ ಬಿಟ್ಟ. ಅವನಿಗೆ ಬೇಕಾಗಿದ್ದದ್ದು ದಿನಕ್ಕೆ ನೂರು ಪ್ರಶ್ನೆ. ಇಲ್ಲಿ ಒಂದು ವಾಕ್ಯಕ್ಕೆ ಅರ್ಧ ತಾಸು ಹೋಗುತ್ತದೆ. ನನಗೆ ಬೇಕಾಗಿದ್ದದ್ದು ಆ ಅರ್ಧ ತಾಸೇ.

ಹೆಣ್ಣುಮಕ್ಕಳಿಗೆ ಒಂದು ಮಾತು. ಎಂಟಕ್ಕೆ ಬಿಡುತ್ತಾರೆ, ಅಂದರೆ ಎಂಟಕ್ಕೇ. ಓಣಿಯಲ್ಲಿ ಲೈಟ್ ಇದೆ, ಜಗತ್ ಸರ್ಕಲ್‌ಗೆ ನಾಲ್ಕು ಹೆಜ್ಜೆ, ಆಟೋ ಸಿಗುತ್ತದೆ. ನನಗೆ ನಾಲ್ಕು ತಿಂಗಳಲ್ಲಿ ಒಂದು ದಿನವೂ ತೊಂದರೆ ಆಗಲಿಲ್ಲ.

5ಕ್ಕೆ ನಾನು 4 ಕೊಡುತ್ತೇನೆ. ಒಂದು ಅಂಕ ಮೆಟ್ಟಿಲಿಗೂ ಸೆಕೆಗೂ ಹೋಯಿತು, ಪಾಠಕ್ಕಲ್ಲ. ಹೊಸಬರು ಯಾವ ತಿಂಗಳಲ್ಲಾದರೂ ಸೇರಬಹುದು. ಫೀಸ್ ಮೊದಲ ವಾರದಲ್ಲಿ ಕೊಟ್ಟರೆ ಆಯಿತು. ಹೋಗುವಾಗ ಪುಸ್ತಕ ಬೇಡ, 200 ಪುಟದ ಒಂದು ನೋಟ್‌ಬುಕ್ ಒಯ್ಯಿರಿ. ನಿಮಗೆ ಪೆಟ್ಟು ಕೊಟ್ಟ ಒಂದು ವಾಕ್ಯವನ್ನೂ ಬರೆದುಕೊಂಡು ಹೋಗಿ. ಮೇಲ್ ಇರಲಿ, ಅರ್ಜಿ ಇರಲಿ, ಕೇಸ್ ಶೀಟ್ ಇರಲಿ.

ಹೋದ ವಾರ ಅದೇ ಚೆನ್ನೈ ವ್ಯಾಪಾರಿಗೆ 150 ಚೀಲ ಕಳಿಸಿದೆವು. ‘ವಿ ಲೋಡೆಡ್ 150 ಬ್ಯಾಗ್ಸ್ ದಿಸ್ ಮಾರ್ನಿಂಗ್, ಸೋ ದಟ್ ಯು ಕ್ಯಾನ್ ಕೀಪ್ ದಿ ಗೋಡೌನ್ ರೆಡಿ’ ಅಂತ ಬರೆದೆ. ಕಳಿಸುವ ಮೊದಲು ಲೋಡೆಡ್ ಹಿಂದೆ ಕ್ಯಾನ್ ಇರಬಹುದಾ ಅಂತ ಕೈ ತಡೆಯಿತು. ಬೇಳೆ ತುಂಬಿ ಆಗಿದೆ, ಆದರೆ ಗೋದಾಮು ಖಾಲಿ ಮಾಡುವುದು ಇನ್ನು ಮುಂದೆ. ಕ್ಯಾನ್ ಹಾಗೇ ಬಿಟ್ಟು ಕಳಿಸಿದೆ. ಹತ್ತು ನಿಮಿಷಕ್ಕೆ ‘ನೋಟೆಡ್, ರೆಡಿ’ ಅಂತ ಉತ್ತರ ಬಂತು. ಶನಿವಾರದ ಕ್ಲಾಸಿಗೆ ಬೋರ್ಡಿನ ಮೇಲೆ ಬರೆಯಲು ಆ ವಾಕ್ಯವನ್ನೇ ಇಟ್ಟುಕೊಂಡಿದ್ದೇನೆ.